ಬೋಗ್ಮಾಳೊ ವಿಮಾನ ಸಂಗ್ರಹಾಲಯಕ್ಕೆ ಭಾನುವಾರದ ಪಯಣ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಗೋವಾದ ನೌಕಾ ವಿಮಾನ ಸಂಗ್ರಹಾಲಯಕ್ಕೆ ಹೋಗುವುದು ಖಚಿತವಾಗಿದೆ. ಬೆಳಿಗ್ಗೆ 6:30ಕ್ಕೆ ಕಾರವಾರ ಬಸ್ ನಿಲ್ದಾಣದ ಎದುರು ಟೆಂಪೋ ನಿಂತಿರುತ್ತದೆ. ಮಾಜಾಳಿಯವರು ದಾರಿಯಲ್ಲೇ ಹತ್ತಬಹುದು.

ನಮ್ಮ ಟ್ಯಾಗೋರ್ ಕಡಲತೀರದ ಟುಪೊಲೆವ್ 142 ಕಣ್ಗಾವಲು ವಿಮಾನವನ್ನು ಎಲ್ಲರೂ ನೋಡಿದ್ದೀರಿ. ಅದು ಫೈಟರ್ ವಿಮಾನವಲ್ಲ. ಮಕ್ಕಳು ಬಹಳ ದಿನಗಳಿಂದ ಕೇಳುತ್ತಿದ್ದ ನಿಜವಾದ ಜೆಟ್ ಫೈಟರ್‌ಗಳು ಬೋಗ್ಮಾಳೊದಲ್ಲಿವೆ. 1971ರ ಡಿಸೆಂಬರ್‌ನಲ್ಲಿ ವಿಮಾನವಾಹಕ ವಿಕ್ರಾಂತ್‌ ಹಡಗಿನಿಂದ ಹಾರಿ ಅಂದಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದ್ದು ಸೀ ಹಾಕ್. ಅದರ ನಂತರ ಬಂದದ್ದು ಸೀ ಹ್ಯಾರಿಯರ್. ಎಂಜಿನ್ನಿನ ನಳಿಕೆಗಳನ್ನು ಕೆಳಕ್ಕೆ ತಿರುಗಿಸಿ ಹಡಗಿನ ಮೇಲೆ ನೇರವಾಗಿ ಇಳಿಯುತ್ತಿತ್ತು. 1983ರಲ್ಲಿ ನೌಕಾಪಡೆಗೆ ಬಂದು 2016ರಲ್ಲಿ ನಿವೃತ್ತವಾಯಿತು. ಆ ನಳಿಕೆಗಳನ್ನು ಹತ್ತಿರದಿಂದ ನೋಡಿ, ದಯವಿಟ್ಟು ತಪ್ಪಿಸಬೇಡಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ವಿಮಾನಗಳನ್ನು ಮುಟ್ಟುವುದು, ರೆಕ್ಕೆಗೆ ಜೋತುಬೀಳುವುದು, ಹೆಸರು ಕೆತ್ತುವುದು ಖಂಡಿತ ಬೇಡ. ಬಣ್ಣ ಕಿತ್ತ ಜಾಗದಲ್ಲಿ ಉಪ್ಪುಗಾಳಿ ಅಲ್ಯೂಮಿನಿಯಂ ತಗಡನ್ನು ತಿನ್ನತೊಡಗುತ್ತದೆ. ಕಡಲ ಅಂಚಿನಲ್ಲಿ ಬದುಕುವ ನಮಗೆ ಇದು ಗೊತ್ತಿರುವುದೇ: ಒಂದು ಮಳೆಗಾಲ ಕಳೆದರೆ ಮನೆಯ ಗೇಟೂ ಉಳಿಯುವುದಿಲ್ಲ. ನಮ್ಮ ಊರಿನ ಟುಪೊಲೆವ್‌ಗೂ ಇದೇ ಎಚ್ಚರ ಬೇಕು.

ಗುರುತಿನ ಚೀಟಿ, ನೀರು, ಟೋಪಿ ತನ್ನಿ. ತಿಂಡಿಗೆ ದಾರಿಯಲ್ಲಿ ನಿಲ್ಲುತ್ತೇವೆ. ಟೆಂಪೋ ಬಾಡಿಗೆಯನ್ನು ಸಮವಾಗಿ ಹಂಚಿಕೊಳ್ಳೋಣ.

ಬರುವವರ ಸಂಖ್ಯೆ ಮತ್ತು ಮಕ್ಕಳ ವಯಸ್ಸನ್ನು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ಬರೆಯಿರಿ. ಹಿರಿಯರಿಗೆ ಮುಂದಿನ ಆಸನ ಬೇಕಿದ್ದರೆ ಅದನ್ನೂ ತಿಳಿಸಿ.