ಸ್ಮರಣಿಕೆಯಾಗಿ ಅಬ್ಬಕ್ಕಳ ಹೂಜಿ ಕೊಡೋಣ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ಸಭೆ ಸಮಾರಂಭಗಳಿಗೆ ಕೊರತೆಯಿಲ್ಲ. ಆದರೆ ಶಾಲು ಹೊದಿಸಿ ಕೊಡುವ ಸ್ಮರಣಿಕೆ ಮಾತ್ರ ಬಹುತೇಕ ಎಲ್ಲಿಂದಲೋ ತರಿಸಿದ ಫೈಬರ್ ಅಥವಾ ಅಕ್ರಿಲಿಕ್ ಫಲಕವಾಗಿರುತ್ತದೆ. ಇದರ ಬದಲು ಕರಾವಳಿಯ ಚರಿತ್ರೆಯ ವ್ಯಕ್ತಿಗಳ ಮುಖವಿರುವ ಮಣ್ಣಿನ ಹೂಜಿಗಳನ್ನು ಇಲ್ಲಿನ ಕುಂಬಾರರಿಂದಲೇ ಮಾಡಿಸಬೇಕೆಂದು ಜಿಲ್ಲಾಡಳಿತವನ್ನೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೂ ಕೋರುತ್ತೇನೆ.

ಇದಕ್ಕೆ ಒಳ್ಳೆಯ ಮಾದರಿಯಿದೆ. ಇಂಗ್ಲೆಂಡಿನ ರಾಯಲ್ ಡೌಲ್ಟನ್ ಸಂಸ್ಥೆ 1934ರಲ್ಲಿ ಆರಂಭಿಸಿದ, ಸಂಗ್ರಾಹಕರು ಇಂದಿಗೂ ಹುಡುಕಿ ಕೊಳ್ಳುವ ‘ಕ್ಯಾರೆಕ್ಟರ್ ಜಗ್’ಗಳಲ್ಲಿ ವ್ಯಕ್ತಿಯ ತಲೆ ಮತ್ತು ಹೆಗಲೇ ಪಾತ್ರೆಯಾಗಿರುತ್ತದೆ, ಕಥೆ ಹೇಳುವುದು ಹಿಡಿಕೆ. ಎಂಟನೆಯ ಹೆನ್ರಿಯ ರಾಣಿ ಆ್ಯನ್ ಬೊಲಿನ್‌ಳ ಜಗ್ಗಿಗೆ ಕೊಡಲಿಯೇ ಹಿಡಿಕೆ. ಹೆಸರು ಓದುವ ಮೊದಲೇ ಆಕೆಗೆ ಒದಗಿದ ಗತಿ ತಿಳಿಯುತ್ತದೆ. ಆದರೆ 1536ರಲ್ಲಿ ಆಕೆಯ ಶಿರಚ್ಛೇದ ನಡೆದದ್ದು ಖಡ್ಗದಿಂದ. ಇಂತಹ ತಪ್ಪು ನಮ್ಮಲ್ಲಿ ಆಗದಂತೆ ಇತಿಹಾಸದ ಅಧ್ಯಾಪಕರು ನಮೂನೆಯನ್ನು ಮೊದಲೇ ಪರಿಶೀಲಿಸಬೇಕು.

ಉಳ್ಳಾಲದ ರಾಣಿ ಅಬ್ಬಕ್ಕಳ ಮುಖವನ್ನು ಕಲಾವಿದರು ಊಹಿಸಿಯೇ ಬಿಡಿಸುತ್ತ ಬಂದಿರುವುದರಿಂದ, ಪೋರ್ಚುಗೀಸರ ಹಡಗುಗಳ ಮೇಲೆ ಎಸೆಯಲಾಯಿತೆಂದು ಜನ ಹೇಳುವ ಉರಿಯುವ ತೆಂಗಿನ ಗರಿಯೇ ಆಕೆಯ ಹೂಜಿಯ ಹಿಡಿಕೆಯಾಗಲಿ. ಅದು ಜನಪದದ ನೆನಪೆಂದು ಜೊತೆಯ ಚೀಟಿಯಲ್ಲಿ ತಿಳಿಸಲಿ. 1903ರಲ್ಲಿ ಮಂಗಳೂರಿನಲ್ಲಿ ಜನಿಸಿ, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಉಪ್ಪು ಮಾರಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಉಪ್ಪಿನ ಪೊಟ್ಟಣ ಒಪ್ಪುತ್ತದೆ. ದೇಶದ ಕರಕುಶಲಕರ್ಮಿಗಳಿಗಾಗಿ ಅಷ್ಟು ದುಡಿದ ಅವರ ಹೂಜಿಯೇ ಮೊದಲು ಆಗಬೇಕೆಂಬುದು ನನ್ನ ಆಸೆ.

ಮಾಡುವ ಕ್ರಮ ನಮ್ಮವರಿಗೆ ಎಟುಕದ್ದೇನಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿಗೆ ನೀರಾಗಿ ಕಲಸಿದ ಮಣ್ಣನ್ನು ಹೊಯ್ದರೆ, ಅಚ್ಚು ನೀರು ಹೀರಿ ಒಳಮೈಯಲ್ಲಿ ಮಣ್ಣಿನ ಪದರ ಕಟ್ಟುತ್ತದೆ. ಮಿಕ್ಕದ್ದನ್ನು ಹೊರಗೆ ಸುರಿದು, ಬಿಗಿದ ಹೂಜಿಗೆ ಬೇರೆಯಾಗಿ ಮಾಡಿದ ಹಿಡಿಕೆಯನ್ನು ಅದೇ ಮಣ್ಣಿನಿಂದ ಅಂಟಿಸಿ, ಒಣಗಿಸಿ ಸುಡುತ್ತಾರೆ. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭಿಸಿದ ಊರಿದು. ಹಂಚಿಗೆ ಹೆಸರು ತಂದ ಮಣ್ಣಿನ ಕೆಂಪು ಬಣ್ಣವನ್ನು ಪಿಂಗಾಣಿಯ ಬಣ್ಣಗಳಿಂದ ಮುಚ್ಚುವುದು ಬೇಡ.

ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಮಡಕೆಗೂ ಗಿರಾಕಿ ಕಡಿಮೆಯಾಗಿರುವಾಗ, ಸರಕಾರಿ ಕಾರ್ಯಕ್ರಮಗಳ ಸ್ಮರಣಿಕೆಯ ಬೇಡಿಕೆಯಷ್ಟೇ ಸಿಕ್ಕಿದರೂ ಕೆಲವು ಕುಟುಂಬಗಳಿಗೆ ವರ್ಷವಿಡೀ ಕೆಲಸವಾದೀತು. ಬಿಜೈಯ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯದಲ್ಲಿ ಮಾರಾಟಕ್ಕೂ ಏರ್ಪಾಡಾಗಲಿ. ಪ್ರತಿ ಹೂಜಿಯ ಬುಡದಲ್ಲಿ ಇಸವಿಯ ಜೊತೆಗೆ ಅದನ್ನು ಮಾಡಿದ ಕುಂಬಾರರ ಹೆಸರನ್ನು ತಪ್ಪದೆ ಅಚ್ಚೊತ್ತಬೇಕು.

ಇತಿ,
ಓರ್ವ ಓದುಗ, ಮಂಗಳೂರು