ವಾರದ ಮುಕ್ಕಾಲು ಗಂಟೆ ಮತ್ತು ಉಳಿದ ದಿನಗಳು

ಪ್ರೀತಿಯ ಮಗಳೇ,

ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಹೋಗಲು ಆರಂಭಿಸಿದ್ದೀಯೆಂದು ತಿಳಿದು ನನಗೆ ಸಮಾಧಾನವಾಯಿತು. ಆದರೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕುಳಿತು ಮಾತನಾಡಿದ ಮಾತ್ರಕ್ಕೆ ವರ್ಷಗಳಿಂದ ಬಂದ ಸ್ವಭಾವ ಬದಲಾದೀತೇ ಎಂದೂ ಕೇಳಿದ್ದೀಯೆ. ಬರಿಯ ಮಾತಿನಿಂದ ಬದಲಾಗುವುದಿಲ್ಲ. ಅಲ್ಲಿ ಕಲಿತದ್ದನ್ನು ಉಳಿದ ದಿನಗಳಲ್ಲಿ ಮಾಡಿ ನೋಡಿದರೆ ಬದಲಾಗುತ್ತದೆ.

ನಿನ್ನ ತಂದೆಗೆ ಹೃದಯಾಘಾತವಾದ ನಂತರ ನಾನು ಕೆಲವು ತಿಂಗಳು ಇಂತಹ ಚಿಕಿತ್ಸೆಗೆ ಹೋಗುತ್ತಿದ್ದುದು ನಿನಗೆ ಗೊತ್ತೇ ಇದೆ. ಆ ದಿನಗಳಲ್ಲಿ ನೀನು ಫೋನ್ ಎತ್ತದಿದ್ದರೆ ನನ್ನ ಎದೆ ಹೊಡೆದುಕೊಳ್ಳತೊಡಗುತ್ತಿತ್ತು, ನೀನು ಎತ್ತುವವರೆಗೂ ಕರೆ ಮಾಡುತ್ತಲೇ ಇರುತ್ತಿದ್ದೆ. 'ಧೈರ್ಯ ತಂದುಕೊಳ್ಳಿ' ಎಂದು ಹೇಳುವವರಿಗೆ ನಮ್ಮ ಬೀದಿಯಲ್ಲೇ ಕೊರತೆಯಿರಲಿಲ್ಲ. ಚಿಕಿತ್ಸಕಿ ಆ ಮಾತನ್ನು ಒಮ್ಮೆಯೂ ಆಡಲಿಲ್ಲ. ಬದಲಿಗೆ ನೋಟುಪುಸ್ತಕದ ಪುಟಕ್ಕೆ ಗೆರೆ ಎಳೆಸಿ ಕಾಲಂಗಳನ್ನು ಮಾಡಿಸಿದರು: ನಡೆದದ್ದೇನು, ಆ ಕ್ಷಣ ಬಂದ ಯೋಚನೆ ಯಾವುದು, ಅದನ್ನು ನೂರಕ್ಕೆ ಎಷ್ಟು ನಂಬುತ್ತೀರಿ, ಪುರಾವೆ ಏನು, ಬೇರೆ ಕಾರಣವಿರಬಹುದೇ. ನಾನು ಬರೆದ ಮೊದಲ ಸಾಲು, 'ಫೋನ್ ಎತ್ತಲಿಲ್ಲ, ಅಪಘಾತವಾಗಿದೆ, 90.' ಪುರಾವೆಯ ಕಾಲಂನಲ್ಲಿ ಬರೆಯಲು ಏನೂ ಸಿಗಲಿಲ್ಲ. ಬೇರೆ ಕಾರಣಗಳಾಗಿ ಮೀಟಿಂಗ್, ಮೆಟ್ರೊ, ನಿದ್ದೆ ಎಂದು ಬರೆದು ಮುಗಿಸುವಷ್ಟರಲ್ಲಿ ಆ 90 ಅರವತ್ತಕ್ಕೆ ಇಳಿದಿತ್ತು. ಅದು ಸೊನ್ನೆಗೆ ಬರಬೇಕೆಂದು ಅವರು ಹಟ ಹಿಡಿಯಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದೇ ಆಗ.

ಈ ಪದ್ಧತಿಯ ಬೇರು 1960ರ ದಶಕದ ಅಮೆರಿಕದಲ್ಲಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್ ತರಬೇತಿ ಪಡೆದದ್ದು ಮನಸ್ಸಿನ ಆಳದಲ್ಲಿ ಅಡಗಿರುವುದನ್ನು ಹುಡುಕುವ ಮನೋವಿಶ್ಲೇಷಣೆಯಲ್ಲಿ. ಆದರೆ ಖಿನ್ನತೆಯಿಂದ ಬಳಲುವವರ ಮನಸ್ಸಿನಲ್ಲಿ ತಮ್ಮ ಬಗ್ಗೆ, ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ ಕಹಿಯಾದ ಯೋಚನೆಗಳು ತಾವಾಗಿಯೇ ಸುಳಿಯುತ್ತಿರುವುದನ್ನೂ, ಅವರು ಅವನ್ನು ಪ್ರಶ್ನಿಸದೆ ನಿಜವೆಂದು ನಂಬುವುದನ್ನೂ ಬೆಕ್ ಗಮನಿಸಿದರು. ಆ ಯೋಚನೆಯನ್ನು ಪರೀಕ್ಷಿಸಬೇಕಾದ ಊಹೆಯೆಂದು ಕಾಣುವ ಅಭ್ಯಾಸವೇ ಇಂದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಚಿಕಿತ್ಸೆ) ಎಂದು ಕರೆಯುವ ಚಿಕಿತ್ಸೆಯ ತಿರುಳು.

ಆದರೆ ಬರೆಯುವುದಕ್ಕಿಂತ ಕಷ್ಟವಾದದ್ದು ಮುಂದಿನ ಹೆಜ್ಜೆ. ಎರಡನೆಯ ಕರೆಯನ್ನು ಅರ್ಧ ಗಂಟೆ ತಡೆಹಿಡಿಯಬೇಕು ಎಂದರು ನನ್ನ ಚಿಕಿತ್ಸಕಿ. ಪ್ರತಿ ಸಲ ನಿನ್ನ ಧ್ವನಿ ಕೇಳಿದಾಗ ಸಿಗುತ್ತಿದ್ದ ನಿರಾಳವೇ, ಪದೇ ಪದೇ ಕರೆ ಮಾಡಿದ್ದರಿಂದಲೇ ಅಪಾಯ ತಪ್ಪಿತೆಂಬ ಪಾಠವನ್ನು ಮನಸ್ಸಿಗೆ ಕಲಿಸುತ್ತಿತ್ತು. ಹಾಗಾಗಿ ಆತಂಕ ಕಡಿಮೆಯಾಗುವ ಬದಲು ಮರುದಿನ ಇನ್ನಷ್ಟು ಬಲವಾಗಿ ಬರುತ್ತಿತ್ತು. ಕರೆ ಮಾಡದೆ ಕುಳಿತಾಗ ಭಯ ಏರಿತು, ಸ್ವಲ್ಪ ಹೊತ್ತು ನಿಂತಿತು, ನಾನೇನೂ ಮಾಡದೆಯೇ ಇಳಿಯಿತು. ಅದು ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಯಾರೇ ಬಾಯಿಮಾತಿನಲ್ಲಿ ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಮೇಲಧಿಕಾರಿಯ ಇಮೇಲ್ ಬಂದೊಡನೆ 'ನನ್ನ ಕೆಲಸ ಹೋಯಿತು' ಎಂದುಕೊಳ್ಳುವ ನಿನ್ನ ಅಭ್ಯಾಸಕ್ಕೂ ಈ ದಾರಿ ಒದಗೀತು, ಆದರೆ ಅದನ್ನು ನಿರ್ಧರಿಸಬೇಕಾದವರು ನಿನ್ನ ಚಿಕಿತ್ಸಕಿ, ನಾನಲ್ಲ. ಕೆಲವರಿಗೆ ಜೊತೆಗೆ ಔಷಧವೂ ಬೇಕಾಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸು. ನಾಲ್ಕಾರು ಭೇಟಿಗಳ ನಂತರವೂ ಅವರೊಂದಿಗೆ ಹೊಂದಿಕೆಯಾಗದಿದ್ದರೆ ಅದನ್ನು ಅವರಿಗೇ ಹೇಳು, ಬೇಕಾದರೆ ಬೇರೆಯವರನ್ನು ಹುಡುಕು. ಯೋಚನೆಗಳನ್ನು ಬರೆಯುವಾಗ ಅವು ಬಂದ ಮಾತಿನಲ್ಲೇ, ಒರಟಾಗಿದ್ದರೂ ಹಾಗೆಯೇ ಬರೆ. ತಿದ್ದಿ ಬರೆದರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಎರಡು ಭೇಟಿಗಳ ನಡುವೆ ಯಾವುದಾದರೂ ರಾತ್ರಿ ತೀರಾ ಭಾರವೆನಿಸಿದರೆ 14416ಕ್ಕೆ ಕರೆ ಮಾಡು. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ಇನ್ನು ನೀನು ಆ ಕೋಣೆಯಲ್ಲಿ ಆಡಿದ ಮಾತು ಗೋಪ್ಯವಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿನಗೆ ಕೊಟ್ಟಿರುವ ಹಕ್ಕು, ಆದ್ದರಿಂದ ಅಲ್ಲಿ ಏನು ನಡೆಯಿತೆಂದು ನಾನು ಕೇಳುವುದಿಲ್ಲ. ನಿನ್ನ ತಂದೆ ಕುತೂಹಲದಿಂದ ಕೇಳಿದರೂ ನೀನು ಹೇಳಬೇಕಾಗಿಲ್ಲ.

ಇತಿ,
ನಿನ್ನ ಅಮ್ಮ