ಹೆಸರು ಉಳಿಯುವುದು ಬರೀ ತ್ರೀ ಪಾಯಿಂಟರ್‌ನಿಂದಲ್ಲ

ಮಾನ್ಯರೇ,

ಕಲಬುರಗಿಯಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗರ ಮಾತೆಲ್ಲ ಅಮೆರಿಕದ ಆಟಗಾರ ಸ್ಟೀಫನ್ ಕರ್ರಿ ಸುತ್ತಲೇ. 2015-16ರ ಒಂದೇ ಋತುವಿನಲ್ಲಿ ಅವರು ಹಾಕಿದ 402 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕುವ ಮೂರು ಅಂಕದ ಎಸೆತ) ನಿಜಕ್ಕೂ ಆಟದ ದಿಕ್ಕು ಬದಲಿಸಿದವು. ಆದರೆ ಅದನ್ನು ನೋಡಿ ಹತ್ತು ವರ್ಷದ ಮಗು 6.75 ಮೀಟರ್ ಗೆರೆಯಾಚೆಯಿಂದ ಎಸೆಯತೊಡಗಿದರೆ ಅದರ ಆಟ ಅಲ್ಲಿಗೇ ಕೆಡುತ್ತದೆ.

ಹೆಸರು ಉಳಿಯಲು ಪ್ರಶಸ್ತಿ ನೆರವಾಗುತ್ತದೆ ನಿಜ, ಅದರ ಎಣಿಕೆಯೊಂದೇ ಸಾಲದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ರಾಬರ್ಟ್ ಹೊರಿ ಏಳು ಪ್ರಶಸ್ತಿ ಗೆದ್ದರು, ಮೈಕೆಲ್ ಜೋರ್ಡಾನ್ ಆರು. ಆದರೂ ಜೋರ್ಡಾನ್ ಹೆಸರೇ ಮುಂದೆ. ಗೆದ್ದ ಆರೂ ಫೈನಲ್‌ಗಳಲ್ಲಿ ಅವರೇ ಶ್ರೇಷ್ಠ ಆಟಗಾರ, 1988ರಲ್ಲಿ ವರ್ಷದ ಉತ್ತಮ ಡಿಫೆನ್ಸ್ ಆಟಗಾರ ಕೂಡ. ಅದೇ ಲೀಗ್‌ನ ಜಾನ್ ಸ್ಟಾಕ್‌ಟನ್‌ಗೆ ಒಂದೂ ಪ್ರಶಸ್ತಿ ದಕ್ಕಲಿಲ್ಲ, ಆದರೂ ಹೆಸರು ಉಳಿಯಿತು. 19 ಋತುಗಳಲ್ಲಿ ಅವರು ತಪ್ಪಿಸಿಕೊಂಡದ್ದು 22 ಪಂದ್ಯ ಮಾತ್ರ. 15,806 ಅಸಿಸ್ಟ್‌ಗಳ (ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್) ದಾಖಲೆ ಇಂದಿಗೂ ಮುರಿದಿಲ್ಲ. ಬಿಲ್ ರಸೆಲ್ 13 ಋತುಗಳಲ್ಲಿ 11 ಪ್ರಶಸ್ತಿ ಗೆದ್ದ ಕಾಲದಲ್ಲಿ ಬ್ಲಾಕ್‌ಗಳನ್ನು, ಅಂದರೆ ಎದುರಾಳಿಯ ಎಸೆತ ತಡೆದದ್ದನ್ನು, ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅವರು ಚೆಂಡನ್ನು ಗ್ಯಾಲರಿಗೆ ಬಾರಿಸದೆ, ತಮ್ಮವರ ಕೈಗೆ ಸಿಗುವಂತೆ ತಟ್ಟುತ್ತಿದ್ದರು. ಹೊರಗೆ ಹೋದ ಚೆಂಡು ಎದುರಾಳಿಗೇ ಮರಳುತ್ತದೆ, ಒಳಗೆ ಉಳಿದದ್ದು ಫಾಸ್ಟ್ ಬ್ರೇಕ್ (ಮಿಂಚಿನ ಪ್ರತಿದಾಳಿ) ಆಗುತ್ತದೆ.

ಇಂಥ ಆಟಕ್ಕೆ ಬುನಾದಿ ಚಿಕ್ಕಂದಿನಲ್ಲೇ ಬೀಳಬೇಕು. 12ರೊಳಗಿನ ಮಕ್ಕಳಿಗೆ 5ನೇ ನಂಬರ್ ಚೆಂಡು, 2.60 ಮೀಟರ್ ಎತ್ತರದ ರಿಂಗ್ ಸಾಕು. ನಾವೋ 7ನೇ ನಂಬರ್ ಚೆಂಡು ಕೊಟ್ಟು 3.05 ಮೀಟರ್ ರಿಂಗಿಗೆ ಎಸೆಯಲು ಹೇಳುತ್ತೇವೆ. ಬಲ ಸಾಲದೆ ಮಗು ಸೊಂಟದ ಮಟ್ಟದಿಂದ ಎರಡೂ ಕೈಯಲ್ಲಿ ನೂಕುತ್ತದೆ, ಮೊಣಕೈ ಪಕ್ಕಕ್ಕೆ ಚಾಚುತ್ತದೆ. ಹದಿನಾರಕ್ಕೆ ಆ ರೂಢಿ ಬಿಡಿಸುವುದು ಬಹಳ ಕಷ್ಟ. ರಿಂಗಿನಿಂದ ಎರಡು ಹೆಜ್ಜೆ ದೂರದಲ್ಲಿ ಒಂದೇ ಕೈಯಿಂದ ಶುರು ಮಾಡಿಸಬೇಕು. ಹತ್ತಕ್ಕೆ ಏಳು ಬಿದ್ದ ಮೇಲೆ ಒಂದು ಹೆಜ್ಜೆ ಹಿಂದೆ. ಲೇಅಪ್ (ರಿಂಗಿನ ಹತ್ತಿರ ಓಡಿ ಬಂದು ಚೆಂಡು ಹಾಕುವುದು) ಬಲಗೈಯಲ್ಲಿ ಎಷ್ಟೋ ಎಡಗೈಯಲ್ಲೂ ಅಷ್ಟೇ. ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ) ಅಭ್ಯಾಸ ಮಾತ್ರ ಓಡಿ ಏದುಸಿರು ಬಿಡುವಾಗಲೇ, ಎರಡೆರಡಾಗಿ. ಪಂದ್ಯದಲ್ಲಿ ಸಿಗುವುದೂ ಹಾಗೆಯೇ.

ಸ್ಟಾಕ್‌ಟನ್ ತರಹ ವರ್ಷಗಟ್ಟಲೆ ಆಡಲು ಮೊಣಕಾಲು ಉಳಿಯಬೇಕು. ಸಿಮೆಂಟ್ ಕೋರ್ಟ್‌ನಲ್ಲಿ ಜಿಗಿದು ಒಂದೇ ಕಾಲ ಮೇಲೆ, ಮಂಡಿ ನೆಟ್ಟಗಿಟ್ಟು ಇಳಿದರೆ ಪೆಟ್ಟು ಗ್ಯಾರಂಟಿ. ಎರಡೂ ಪಾದ ಊರಿ, ಮಂಡಿ ಬಾಗಿಸಿ ಇಳಿಯುವುದನ್ನು ಶೂಟಿಂಗ್‌ಗಿಂತ ಮೊದಲೇ ಕಲಿಸಬೇಕು. ನಮ್ಮ ಭಾಗದ ಮೇ ಬಿಸಿಲು 40 ಡಿಗ್ರಿ ದಾಟುವುದರಿಂದ ಬೇಸಿಗೆ ಶಿಬಿರ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾ ಕ್ರೀಡಾಂಗಣಗಳಿಗೆ ಎತ್ತರ ಇಳಿಸಬಹುದಾದ ಒಂದೊಂದು ರಿಂಗ್, 5ನೇ ನಂಬರಿನ ಹತ್ತು ಹತ್ತು ಚೆಂಡುಗಳನ್ನು ಕ್ರೀಡಾ ಇಲಾಖೆ ಬೇಸಿಗೆ ಶಿಬಿರಕ್ಕೆ ಮುನ್ನವೇ ಒದಗಿಸಬೇಕು.

– ಬಾಸ್ಕೆಟ್‌ಬಾಲ್ ತರಬೇತುದಾರ, ಕಲಬುರಗಿ